ಕಾಲುವೆಗೆ ಕಾವಲುಮನೆ ಬೇಡವೇ?

ಕಳೆದ ಮಳೆಗಾಲಕ್ಕೆ ಮುನ್ನ ನಮ್ಮ ಭಾಗದ ಒಂದು ಅಣೆಕಟ್ಟಿನ ನಾಲೆಯ ದುರಸ್ತಿಯ ಕುರಿತು ನಡೆದ ಸಭೆಗೆ ನಾನೂ ಹೋಗಿದ್ದೆ. ನಾಲೆಯ ತೂಬಿನ ಪಕ್ಕದಲ್ಲಿ ಹಂಚಿನ ಒಂದು ಪುಟ್ಟ ಮನೆಯಿದೆ. ನೀರು ಬಿಡುವವನು ಹಿಂದೆ ಅಲ್ಲಿ ವಾಸವಾಗಿದ್ದನು. ಈಗ ಬಾಗಿಲಿಲ್ಲ, ಹಂಚು ಅರ್ಧ ಉಳಿದಿದೆ. ಕಾಮಗಾರಿಯ ಅಂದಾಜುಪಟ್ಟಿ ಓದಿದ ಎಂಜಿನಿಯರರು, ಆ ಮನೆಯನ್ನು ಕೆಡವಿದರೆ ಯಂತ್ರ ತಿರುಗಿಸಲು ಜಾಗ ಸಿಗುತ್ತದೆ ಎಂದರು. ಕೂಡಲೇ ಸಭೆಯಲ್ಲಿದ್ದ ಮತ್ತೊಬ್ಬ ಉತ್ಸಾಹಿ ಎದ್ದು, ‘ಕೆಡವುವುದು ಬೇಡ, ಹೋಂಸ್ಟೇ ಮಾಡೋಣ, ಇಂಗ್ಲೆಂಡಿನಲ್ಲಿ ಕಾಲುವೆ ಬದಿಯ ಹಳೆಯ ಮನೆಗಳನ್ನೆಲ್ಲ ಹಾಗೆಯೇ ಮಾಡಿದ್ದಾರೆ’ ಎಂದರು. ಸಭೆ ಎರಡು ಪಕ್ಷವಾಯಿತು. ಕೆಡವುವ ಪಕ್ಷ, ಬಾಡಿಗೆಗೆ ಕೊಡುವ ಪಕ್ಷ. ಆ ಮನೆಯನ್ನು ಕಟ್ಟಿದ್ದು ಯಾತಕ್ಕೆ ಎಂದು ಯಾರೂ ಕೇಳಲಿಲ್ಲ.

ಇಂಗ್ಲೆಂಡಿನ ಮಾತು ಬಂದದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಕೆಲಸದ ನಿಮಿತ್ತ ವಾರ್ವಿಕ್‌ಶೈರ್ ಪ್ರಾಂತ್ಯಕ್ಕೆ ಹೋಗಿದ್ದಾಗ, ಒಂದು ರಜೆಯ ದಿನ ಸ್ಟ್ರಾಟ್‌ಫರ್ಡ್ ಕಾಲುವೆಯ ದಂಡೆಯಲ್ಲಿ ನಡೆದಿದ್ದೆ. ಸಭೆಯಲ್ಲಿ ಉದಾಹರಣೆಯಾಗಿ ಬಂದ ಮನೆಗಳು ಅಂಥವೇ. ಅವುಗಳ ಕಥೆಯನ್ನು ಪೂರ್ತಿ ತಿಳಿದವರು ಅವನ್ನು ಹೋಂಸ್ಟೇ ವಾದಕ್ಕೆ ಸಾಕ್ಷಿಯಾಗಿ ಕರೆಯಲಾರರು.

ಸ್ಟ್ರಾಟ್‌ಫರ್ಡ್ ಕಾಲುವೆಗೆ ಅಲ್ಲಿನ ಸಂಸತ್ತು 1793ರಲ್ಲಿ ಅನುಮತಿ ನೀಡಿತು. ಬರ್ಮಿಂಗ್‌ಹ್ಯಾಮಿನ ಅಂಚಿನ ಕಿಂಗ್ಸ್ ನಾರ್ಟನ್‌ನಿಂದ ಹೊರಟ ಅಗೆತ 1796ರಲ್ಲಿ ಹಾಕ್ಲಿ ಹೀತ್ ತಲುಪುವಷ್ಟರಲ್ಲಿ ಹಣ ಮುಗಿದಿತ್ತು. 1802ರಲ್ಲಿ ಕಿಂಗ್ಸ್‌ವುಡ್‌ವರೆಗೆ ತಲುಪಿ ಮತ್ತೆ ನಿಂತಿತು. ಹತ್ತು ವರ್ಷಗಳ ಬಳಿಕ, 1812ರಲ್ಲಿ, ವಿಲಿಯಂ ಜೇಮ್ಸ್ ಎಂಬ ಉದ್ಯಮಿಯ ಒತ್ತಾಸೆಯಿಂದ ಕೆಲಸ ಮುಂದುವರಿದು 1816ರಲ್ಲಿ ಏವನ್ ನದಿಯನ್ನು ಸೇರಿತು. ಈ ದಕ್ಷಿಣ ಭಾಗದ ಎಂಜಿನಿಯರ್ ವಿಲಿಯಂ ವಿಟ್‌ಮೋರ್. ಹದಿಮೂರು ಮೈಲಿ ಉದ್ದ, ಮೂವತ್ತಕ್ಕೂ ಹೆಚ್ಚು ಲಾಕ್‌ಗಳು. ಲಾಕ್ ಎಂದರೆ ದೋಣಿಯನ್ನು ಏರಿಸಿ ಇಳಿಸುವ ನೀರಿನ ಮೆಟ್ಟಿಲು. ಸಾಗಣೆಯ ಮುಖ್ಯ ಸರಕು ಕಲ್ಲಿದ್ದಲು.

ದಾರಿದ್ರ್ಯದಲ್ಲಿ ಕಟ್ಟಿದ ಕಾಲುವೆಯಿದು. ಆದ್ದರಿಂದಲೇ ಬುದ್ಧಿವಂತಿಕೆಯಿಂದ ಕಟ್ಟಿದ್ದು. ಅಲ್ಲಿನ ಸೀಳುಸೇತುವೆಗಳನ್ನು ನೋಡಬೇಕು. ದೋಣಿಯನ್ನು ದಂಡೆಯ ಮೇಲಿಂದ ಕುದುರೆ ಎಳೆಯುತ್ತಿದ್ದ ಕಾಲವದು. ಸೇತುವೆಯ ಕೆಳಗೆ ಕುದುರೆಗೂ ದಾರಿ ಬಿಟ್ಟರೆ ಸೇತುವೆ ದೊಡ್ಡದಾಗಬೇಕು, ಖರ್ಚು ಏರಬೇಕು. ಅವರು ಎರಡು ದಡಗಳಿಂದಲೂ ಎರಕದ ಕಬ್ಬಿಣದ ತೋಳುಗಳನ್ನು ಚಾಚಿ, ನಡುವೆ ಬೆರಳಗಲದ ಸೀಳನ್ನು ಬಿಟ್ಟರು. ಕುದುರೆ ಸೇತುವೆಯನ್ನು ಬಳಸಿ ಹೋಗುತ್ತದೆ, ಹಗ್ಗ ಆ ಸೀಳಿನಲ್ಲಿ ಜಾರಿಹೋಗುತ್ತದೆ. ಎಡ್‌ಸ್ಟನ್ ಎಂಬಲ್ಲಿ ಕಣಿವೆಯನ್ನು ದಾಟಿಸಲು 475 ಅಡಿ ಉದ್ದದ ಕಬ್ಬಿಣದ ದೋಣಿಯನ್ನೇ ಕಂಬಗಳ ಮೇಲೆ ಕೂರಿಸಿದ್ದಾರೆ. ನಡೆಯುವ ದಾರಿ ಅದರ ತಳದ ಮಟ್ಟದಲ್ಲಿದೆ; ನಡೆಯುವವನ ಭುಜದ ಪಕ್ಕದಲ್ಲಿ ನೀರು ಹರಿಯುತ್ತದೆ.

ಇದೇ ಮಿತವ್ಯಯದ ಮನಸ್ಸು ಮನೆಗಳನ್ನೂ ಕಟ್ಟಿತು. ಕಿಂಗ್ಸ್‌ವುಡ್ ಮತ್ತು ಪ್ರೆಸ್ಟನ್ ಬ್ಯಾಗಟ್ ನಡುವೆ ಲಾಕ್‌ಗಳ ಪಕ್ಕದಲ್ಲಿ ಕಾಣುವ ಈ ಮನೆಗಳು ಒಂದೇ ಅಂತಸ್ತಿನವು, ಇಟ್ಟಿಗೆಯ ಗೋಡೆಯವು. ಅವುಗಳ ವಿಶೇಷವಿರುವುದು ಛಾವಣಿಯಲ್ಲಿ. ಅಲ್ಲಿನ ಹಳ್ಳಿಮನೆಗಳಂತೆ ಕಡಿದಾದ ಇಳಿಜಾರಿಲ್ಲ. ಪೀಪಾಯಿಯೊಂದನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತೆ ದುಂಡನೆಯ ಕಮಾನು. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳ. ಕಾಲುವೆ ಕಟ್ಟುವವರಿಗೆ ಗೊತ್ತಿದ್ದದ್ದು ಸೇತುವೆ ಕಟ್ಟುವುದು. ಕಮಾನಿಗೆ ಆಧಾರವಾಗಿ ನಿಲ್ಲಿಸುವ ಮರದ ಅಚ್ಚು ಅವರ ಬಳಿ ಇತ್ತು, ಕಮಾನು ತಿರುಗಿಸುವ ಕೈಗಳಿದ್ದವು. ಅದೇ ಅಚ್ಚು, ಅದೇ ಕೈಗಳಿಂದ ಮನೆಯ ಮಾಡನ್ನೂ ಮುಗಿಸಿದರು. ನೆಪೋಲಿಯನ್ನನ ಯುದ್ಧಗಳಿಂದ ಮರ ದುಬಾರಿಯಾಗಿದ್ದ ಕಾಲದಲ್ಲಿ ಉದ್ದನೆಯ ತೊಲೆ, ಪಕಾಸಿಗಳ ಖರ್ಚೂ ಉಳಿಯಿತು. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ನೂಕುತ್ತದೆ. ಗೋಡೆ ಆ ನೂಕನ್ನು ತಡೆಯಬೇಕು. ಇನ್ನೂರು ವರ್ಷ ಕಳೆದರೂ ಆ ಮನೆಗಳು ನಿಂತಿರುವುದನ್ನು ನೋಡಿದರೆ, ಕಟ್ಟಿದವರಿಗೆ ತಮ್ಮ ಕಸುಬು ತಿಳಿದಿತ್ತೆಂಬುದು ಸ್ಪಷ್ಟ.

ಆದರೆ ನನ್ನ ವಾದಕ್ಕೆ ಕಮಾನಿಗಿಂತಲೂ ಮುಖ್ಯವಾದುದು ಮನೆಯ ಜಾಗ. ಹಳ್ಳಿಯಲ್ಲಲ್ಲ, ರಸ್ತೆಯ ಬದಿಯಲ್ಲಲ್ಲ, ಕಂಪನಿಯ ಕಚೇರಿಯ ಹತ್ತಿರವಲ್ಲ. ಲಾಕಿನ ಬಾಗಿಲ ಬುಡದಲ್ಲಿ, ನೀರಿನಿಂದ ಕೆಲವೇ ಹೆಜ್ಜೆ ದೂರದಲ್ಲಿ. ರಾತ್ರಿ ನೀರಿನ ಸದ್ದು ಬದಲಾದರೆ ಒಳಗೆ ಮಲಗಿದವನಿಗೆ ಎಚ್ಚರವಾಗಬೇಕು. ಆ ಕಾಲುವೆಯ ನಕ್ಷೆಯಲ್ಲಿ ಮನೆ ಅಲಂಕಾರಕ್ಕೆ ಬಂದದ್ದಲ್ಲ, ತೂಬು, ಕೋಡಿಗಳಷ್ಟೇ ಅಗತ್ಯವಾದ ಅಂಗವಾಗಿ ಬಂದದ್ದು.

ಅಲ್ಲಿ ವಾಸಿಸುತ್ತಿದ್ದವನನ್ನು ಇಂಗ್ಲಿಷರು ‘ಲೆಂಗ್ತ್ಸ್‌ಮನ್’ ಎನ್ನುತ್ತಿದ್ದರು. ಒಂದು ನಿಗದಿತ ಉದ್ದದ ಕಾಲುವೆಗೆ ಹೊಣೆಯಾದವನು. ದಂಡೆಯಲ್ಲಿ ನಡೆದು ಸೋರಿಕೆ ನೋಡುವುದು, ಬೇಲಿ ಸವರುವುದು, ಕೋಡಿಗೆ ಕಟ್ಟಿಕೊಂಡ ಕಸ ತೆಗೆಯುವುದು, ಮಳೆ ಬಂದಾಗ ಹೆಚ್ಚುವರಿ ನೀರನ್ನು ಹೊರಬಿಡುವುದು, ಬರದಲ್ಲಿ ಹನಿಯನ್ನೂ ಕಾಯುವುದು ಅವನ ಕೆಲಸ. ಇವುಗಳಲ್ಲಿ ಅತಿ ಮುಖ್ಯವಾದುದು ಜೇಡಿಯ ಕೆಲಸ. ಆ ಕಾಲುವೆಗೆ ಕಾಂಕ್ರೀಟಿನ ಹೊದಿಕೆಯಿರಲಿಲ್ಲ. ಜೇಡಿಮಣ್ಣಿಗೆ ನೀರು ಬೆರೆಸಿ, ತುಳಿದು, ಪದರ ಪದರವಾಗಿ ಮೆತ್ತಿ ತಳವನ್ನು ಕಟ್ಟುತ್ತಿದ್ದರು. ನಮ್ಮ ಗದ್ದೆಗಳಲ್ಲಿ ನಾಟಿಗೆ ಮುನ್ನ ಕೆಸರು ಮಾಡುವುದೂ ಇದೇ ವಿಜ್ಞಾನ. ಒದ್ದೆ ಮಣ್ಣನ್ನು ಕಲಸಿದಾಗ ಅದರ ಹೆಂಟೆಗಳ ನಡುವಿನ ದೊಡ್ಡ ರಂಧ್ರಗಳು ಮುಚ್ಚಿ, ನೀರು ಇಳಿಯುವ ವೇಗ ತೀರ ಕಡಿಮೆಯಾಗುತ್ತದೆ. ಇಂಥ ಹೊದಿಕೆಗೆ ಒಂದೇ ಷರತ್ತು: ಅದು ಒಣಗಬಾರದು. ಒಣಗಿದರೆ ಬಿರಿಯುತ್ತದೆ, ಬಿರಿದರೆ ಸೋರುತ್ತದೆ. ಇಲಿ, ಹೆಗ್ಗಣಗಳ ಒಂದು ಬಿಲ ಸಾಕು, ಇಡೀ ದಂಡೆ ಕೊಚ್ಚಿಹೋಗಲು. ಬೆಳಿಗ್ಗೆ ಒಂದು ಹಿಡಿ ಜೇಡಿಯಿಂದ ಮುಚ್ಚಬಹುದಾದ ತೂತನ್ನು ತಿಂಗಳ ಬಳಿಕ ಮುಚ್ಚಲು ಗುತ್ತಿಗೆದಾರ ಬೇಕು. ಆ ಹಿಡಿ ಜೇಡಿ ಹಿಡಿದ ಕೈ ಮಲಗಲು ಕಟ್ಟಿದ್ದೇ ಆ ಕಮಾನಿನ ಮನೆ.

ಆ ಬದುಕನ್ನು ನಾನು ವೈಭವೀಕರಿಸುತ್ತಿಲ್ಲ. ಕೋಣೆಗಳು ಕಿರಿದು, ನೀರಿನ ಪಕ್ಕದ ತೇವ, ದೊಡ್ಡ ಸಂಸಾರ, ಸಣ್ಣ ಸಂಬಳ. ಸುಖದ ಬದುಕು ಅದಾಗಿರಲಿಲ್ಲ. ಆದರೂ ಕಂಪನಿಗೆ ಒಂದು ಸತ್ಯ ಗೊತ್ತಿತ್ತು: ಮನುಷ್ಯನಿಲ್ಲದೆ ಕಾಲುವೆಯಿಲ್ಲ.

ಈ ಸತ್ಯವನ್ನು ಮರೆತಾಗ ಏನಾಯಿತೆಂಬುದೂ ಅಲ್ಲಿಯ ಇತಿಹಾಸದಲ್ಲಿಯೇ ಇದೆ. 1856ರಲ್ಲಿ ಕಾಲುವೆಯನ್ನು ಒಂದು ರೈಲ್ವೆ ಕಂಪನಿ ಕೊಂಡಿತು. 1863ರಲ್ಲಿ ಅದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಕೈ ಸೇರಿತು. ತನ್ನ ಪ್ರತಿಸ್ಪರ್ಧಿಯನ್ನೇ ಕೊಂಡವನು ಅದನ್ನು ಪ್ರೀತಿಯಿಂದ ಸಾಕುವನೇ? ಸಂಚಾರ ಇಳಿಯಿತು, ಹೂಳು ಏರಿತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ದಕ್ಷಿಣ ಭಾಗದಲ್ಲಿ ದೋಣಿ ಸಾಗದಂತಾಗಿತ್ತು. 1948ರಲ್ಲಿ ರಾಷ್ಟ್ರೀಕರಣವಾದರೂ ಸ್ಥಿತಿ ಬದಲಾಗಲಿಲ್ಲ. 1958ರಲ್ಲಿ ಜಿಲ್ಲಾಡಳಿತವು ಕಾಲುವೆಯನ್ನು ಕಾನೂನುಬದ್ಧವಾಗಿ ತ್ಯಜಿಸಲು ಅರ್ಜಿ ಹಾಕಿತು. ಕಾರಣ ಕೇಳಿದರೆ ನಗು ಬರುತ್ತದೆ, ನಮ್ಮದೇ ಕಥೆಯಂತೆ ಕೇಳುತ್ತದೆ: ವಿಲ್ಮ್‌ಕೋಟ್ ಬಳಿಯ ಒಂದು ಸೇತುವೆಯನ್ನು ದೋಣಿಗಳಿಗೆ ಅನುಕೂಲವಾಗುವಂತೆ ಮತ್ತೆ ಕಟ್ಟುವ ಖರ್ಚನ್ನು ಉಳಿಸಬೇಕಾಗಿತ್ತು. ಒಂದು ಸೇತುವೆಯ ಖರ್ಚಿಗಾಗಿ ಹದಿಮೂರು ಮೈಲಿ ಕಾಲುವೆಯ ಮರಣಪತ್ರ!

ಮೂರು ವರ್ಷ ಯಾರೂ ಬಳಸದ ಕಾಲುವೆಯನ್ನು ತ್ಯಜಿಸಲು ಅಲ್ಲಿಯ ಕಾನೂನಿನಲ್ಲಿ ಅವಕಾಶವಿತ್ತು. ಯಾರೂ ಬಳಸಿಲ್ಲವೆಂದು ಆಡಳಿತ ಹೇಳಿತು. ಆಗ ಇಬ್ಬರು ಕಿರುದೋಣಿ ಸವಾರರು 1957ರಲ್ಲಿ ಶುಲ್ಕ ತೆತ್ತು ಕಾಲುವೆಯಲ್ಲಿ ಸಾಗಿದ್ದಕ್ಕೆ ಚೀಟಿಯ ಸಾಕ್ಷ್ಯ ಹೊರಬಂದಿತು. 1959ರಲ್ಲಿ ಅರ್ಜಿ ತಿರಸ್ಕೃತವಾಯಿತು. ಆ ಚೀಟಿಯ ಜೊತೆಗೆ ನಾಡಿನ ಕಾಲುವೆಪ್ರೇಮಿಗಳ ಗಟ್ಟಿಯಾದ ಚಳವಳಿಯೂ ಇತ್ತೆಂಬುದನ್ನು ಮರೆಯಬಾರದು. ಕಾಗದದ ಮೇಲೆ ಸತ್ತಿದ್ದ ಕಾಲುವೆ ಕಾಗದದ ಚೂರಿನಿಂದಲೇ ಬದುಕಿತು. ನಮ್ಮ ಬಳಗದ ಮಿತ್ರರಿಗೆ ಹೇಳುತ್ತೇನೆ: ನೀರಿನ ಕರ ಕಟ್ಟಿದ ರಸೀತಿಗಳನ್ನು ಎಸೆಯಬೇಡಿ.

1960ರಲ್ಲಿ ನ್ಯಾಷನಲ್ ಟ್ರಸ್ಟ್ ಈ ಭಾಗವನ್ನು ಗೇಣಿಗೆ ಪಡೆಯಿತು. ಡೇವಿಡ್ ಹಚಿಂಗ್ಸ್ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ 1961ರಿಂದ ಪುನರುದ್ಧಾರ ನಡೆಯಿತು. ದುಡಿದವರು ಯಾರು? ವಾರಾಂತ್ಯದಲ್ಲಿ ಬಂದ ಸ್ವಯಂಸೇವಕರು, ಸ್ಕೌಟ್ ಹುಡುಗರು, ಸೈನಿಕರು, ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್ ಸೆರೆಮನೆಯ ಕೈದಿಗಳು. ಕೆಸರು ತೆಗೆದರು, ಲಾಕ್‌ಗಳನ್ನು ಮತ್ತೆ ಕಟ್ಟಿದರು, ಬಾಗಿಲು ಕೂರಿಸಿದರು. 1964ರ ಜುಲೈ 11ರಂದು ರಾಜಮಾತೆ ಎಲಿಜಬೆತ್ ಕಾಲುವೆಯನ್ನು ಮತ್ತೆ ತೆರೆದರು. ತಜ್ಞರು ಸತ್ತಿತೆಂದ ಕಾಲುವೆಯನ್ನು ಸಾಮಾನ್ಯರು ಮೂರೂವರೆ ವರ್ಷಗಳೊಳಗೆ ಎಬ್ಬಿಸಿದರು. ಬ್ರಿಟನ್ನಿನ ಇತರ ಕಾಲುವೆಗಳ ಪುನರುಜ್ಜೀವನಕ್ಕೆ ಇದೇ ಮೇಲ್ಪಂಕ್ತಿಯಾಯಿತು.

ಇಷ್ಟು ಹೊಗಳಿದ ಮೇಲೆ ತೆಗಳುವುದೂ ನನ್ನ ಕರ್ತವ್ಯ. ಕಾಲುವೆ ಉಳಿಯಿತು, ಮನೆಗಳೂ ಉಳಿದವು. ಆದರೆ ಪ್ರತಿ ಉದ್ದಕ್ಕೂ ಒಬ್ಬ ನಿವಾಸಿ ಕಾವಲುಗಾರನೆಂಬ ಪದ್ಧತಿ ಉಳಿಯಲಿಲ್ಲ. ಲೋಸನ್‌ಫರ್ಡ್‌ನ ಲಾಕ್ ಪಕ್ಕದ ಮನೆಯಲ್ಲಿ ದಶಕಗಳ ಕಾಲ ಬಾಳಿದ ಕೊನೆಯ ನಿವಾಸಿಯ ನಂತರ ಅದು ಲ್ಯಾಂಡ್‌ಮಾರ್ಕ್ ಟ್ರಸ್ಟ್ ಕೈಯಲ್ಲಿದ್ದು, ಇಂದು ರಜೆಗೆ ಬರುವವರಿಗೆ ಬಾಡಿಗೆಗೆ ಸಿಗುತ್ತದೆ. ಆ ಸಂಸ್ಥೆಯನ್ನು 1965ರಲ್ಲಿ ಸ್ಥಾಪಿಸಿದ ಜಾನ್ ಸ್ಮಿತ್ ಅವರು ನ್ಯಾಷನಲ್ ಟ್ರಸ್ಟಿನಲ್ಲಿದ್ದು ಇದೇ ಕಾಲುವೆಯನ್ನು ಉಳಿಸಲು ಹೋರಾಡಿದವರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ಬಾಡಿಗೆಯ ಹಣ ಕಟ್ಟಡದ ರಕ್ಷಣೆಗೇ ಹೋಗುತ್ತದೆ. ಆದರೆ ಒಂದು ಸಂಗತಿ ನನ್ನ ಮನಸ್ಸನ್ನು ಕಲಕುತ್ತದೆ. 2015ರಲ್ಲಿ, ಆ ಸಂಸ್ಥೆಯ ಐವತ್ತನೆಯ ವರ್ಷದ ನೆನಪಿಗಾಗಿ, ಶಿಲ್ಪಿ ಆಂಟನಿ ಗಾರ್ಮ್‌ಲಿ ಎರಕ ಹೊಯ್ದ ಆಳೆತ್ತರದ ಕಬ್ಬಿಣದ ಮನುಷ್ಯನನ್ನು ಅದೇ ಲಾಕಿನ ಬದಿಯಲ್ಲಿ ನಿಲ್ಲಿಸಿದರು. ತಲೆ ತಗ್ಗಿಸಿ ನೀರನ್ನು ನೋಡುವ ನಿಜವಾದ ಮನುಷ್ಯ ಹೋದ ಜಾಗದಲ್ಲಿ ಕಬ್ಬಿಣದ ಮನುಷ್ಯ. ಶಿಲ್ಪಿಯ ಉದ್ದೇಶ ಬೇರೆಯಿರಬಹುದು. ಮಣ್ಣಿನ ವಿಜ್ಞಾನಿಯಾದ ನನಗೆ ಅದು ಗೈರುಹಾಜರಿಯ ಸ್ಮಾರಕದಂತೆಯೇ ಕಂಡಿತು.

ಬ್ರಿಟನ್ನಿಗೆ ಈ ಗೈರುಹಾಜರಿ ಸಹ್ಯವಾಗಬಹುದು. ಅಲ್ಲಿಯ ಕಾಲುವೆಗಳನ್ನು ನೋಡಿಕೊಳ್ಳಲು 2012ರಿಂದ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್ ಇದೆ, ಸಂಬಳದ ಸಿಬ್ಬಂದಿಯಿದ್ದಾರೆ, ಸ್ವಯಂಸೇವಕರಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ ಸ್ಟ್ರಾಟ್‌ಫರ್ಡ್ ಕಾಲುವೆಯಲ್ಲಿ ಇಂದು ಸಾಗುವುದು ವಿಹಾರದ ದೋಣಿ. ಒಂದು ದಿನ ನೀರು ತಗ್ಗಿದರೆ ವಿಹಾರ ತಪ್ಪುತ್ತದೆ, ಅಷ್ಟೆ. ನಮ್ಮ ನಾಲೆಯಲ್ಲಿ ಹರಿಯುವುದು ಅನ್ನ. ತೆನೆ ಹಾಲುತುಂಬುವ ಹದಿನೈದು ದಿನ ಕೊನೆಯ ಗದ್ದೆಗೆ ನೀರು ತಪ್ಪಿದರೆ ವರ್ಷದ ದುಡಿಮೆ ಜೊಳ್ಳಾಗುತ್ತದೆ. ಅಲ್ಲಿ ಮನೆ ಸ್ಮಾರಕವಾದರೆ ನಡೆದೀತು, ಇಲ್ಲಿ ನಡೆಯದು. ಹೋಂಸ್ಟೇ ಪಕ್ಷದವರು ಮರೆತಿರುವುದು ಈ ವ್ಯತ್ಯಾಸವನ್ನು.

ನಮ್ಮಲ್ಲಿಯೂ ಆ ಮನುಷ್ಯನಿದ್ದನು. ನೀರಗಂಟಿ ಎಂದರು, ಕೆಲವೆಡೆ ಸೌಡಿ ಎಂದರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಆ ಹುದ್ದೆ ಕೊನೆಗೊಂಡಿತು. ಅದಕ್ಕಾಗಿ ನಾನು ಕಣ್ಣೀರು ಸುರಿಸಲಾರೆ. ಕೆಳಜಾತಿಯೆನಿಸಿಕೊಂಡವನು ನಡುರಾತ್ರಿ ತೂಬಿಗೆ ಮುಳುಗಬೇಕು, ಅವನ ಮಗನೂ ಮುಳುಗಬೇಕು, ಕೂಲಿಗೆ ಪ್ರತಿ ಸುಗ್ಗಿಯಲ್ಲೂ ಕಣದ ಅಂಚಿನಲ್ಲಿ ನಿಂತು ಕಾಯಬೇಕು ಎಂಬ ವ್ಯವಸ್ಥೆ ಹೋದದ್ದು ನ್ಯಾಯವೇ. ಅನ್ಯಾಯವಾದದ್ದು ಅನಂತರ. ಹುದ್ದೆಯ ಜೊತೆಗೆ ಕೆಲಸವೂ ರದ್ದಾಯಿತೆಂದು ನಾವು ನಟಿಸಿದೆವು. ಗೌರವದ ಸಂಬಳ, ತರಬೇತಿ, ವಾಸಕ್ಕೊಂದು ಮನೆ ಕೊಟ್ಟು ಯಾವ ಜಾತಿಯವರಾದರೂ ಅರ್ಜಿ ಹಾಕುವ ನೌಕರಿಯಾಗಿ ಅದನ್ನು ಮರಳಿ ಕಟ್ಟಬಹುದಿತ್ತು. ಬದಲಿಗೆ ದಿನಗೂಲಿಯವರನ್ನು ಹಂಗಾಮಿಯಾಗಿ ಇಟ್ಟುಕೊಂಡೆವು, ಅವರನ್ನೂ ಕಡಿಮೆ ಮಾಡುತ್ತ ಬಂದೆವು, ನಾಲೆ ಒಡೆದಾಗ ಟೆಂಡರು ಕರೆದೆವು.

ನನ್ನ ಎಂಜಿನಿಯರ್ ಮಿತ್ರರು ಎರಡು ಉತ್ತರ ಕೊಡುತ್ತಾರೆ. ಒಂದು, ಕಾಂಕ್ರೀಟ್ ಹೊದಿಸಿದ ಮೇಲೆ ಕಾವಲು ಬೇಡ. ಇದು ಸುಳ್ಳು. ಕಾಂಕ್ರೀಟೂ ಬೆಸುಗೆಗಳಲ್ಲಿ ಬಿರಿಯುತ್ತದೆ; ಬಿರುಕಿನಲ್ಲಿ ಅತ್ತಿಯ ಬೀಜ ಬಿದ್ದು ಬೇರಿಳಿಸುತ್ತದೆ; ಹಿಂಬದಿಯ ಮಣ್ಣು ಕೊಚ್ಚಿಹೋದರೆ ಹಲಗೆ ಹಲಗೆಯಾಗಿ ಕುಸಿಯುತ್ತದೆ. ಜೇಡಿಯ ದಂಡೆಯನ್ನು ಊರಿನವನೊಬ್ಬ ಗುದ್ದಲಿಯಿಂದ ಸರಿಪಡಿಸಬಲ್ಲ, ಕಾಂಕ್ರೀಟನ್ನು ಸರಿಪಡಿಸಲಾರ. ನಾಲೆಯ ಜಿನುಗೆಲ್ಲವೂ ನಷ್ಟವೆಂದು ಲೆಕ್ಕ ಬರೆಯುವವರು ದಂಡೆಯ ಕೆಳಗಿನ ಬಾವಿಗಳನ್ನೂ ಒಮ್ಮೆ ಇಣುಕಿ ನೋಡಲಿ. ಎರಡನೆಯ ಉತ್ತರ, ಈಗ ಸೆನ್ಸರುಗಳಿವೆ, ಕಂಪ್ಯೂಟರಿನ ಮುಂದೆ ಕುಳಿತು ಗೇಟು ಎತ್ತಬಹುದು ಎಂಬುದು. ಸೆನ್ಸರು ನನಗೂ ಬೇಕು, ನನ್ನ ಸಂಶೋಧನೆಯಲ್ಲಿ ಬಳಸಿದ್ದೇನೆ. ನೀರು ಇಳಿಯಿತೆಂದು ಅದು ಹೇಳುತ್ತದೆ. ಆದರೆ ಏಡಿ ಕೊರೆದ ಬಿಲಕ್ಕೆ ಅದು ಮಣ್ಣು ತುರುಕುವುದಿಲ್ಲ. ಮೇಲಿನ ತೋಟದವನು ಕದ್ದು ಇಟ್ಟ ಪೈಪನ್ನು ಎಳೆದು ಹಾಕುವುದಿಲ್ಲ. ಕೊನೆಯ ಗದ್ದೆಯ ವಿಧವೆಯ ಸರದಿಯನ್ನು ಬಲಿಷ್ಠನಿಂದ ಕಾಯುವುದಿಲ್ಲ.

ಈ ಪ್ರಶ್ನೆ ನಮ್ಮೊಂದು ಚಿಕ್ಕ ನಾಲೆಗೆ ಮಾತ್ರ ಸೇರಿದ್ದಲ್ಲ. ಸಕಲೇಶಪುರದ ಕಾಡುಹೊಳೆಗಳಿಂದ ಪೂರ್ವಕ್ಕೆ 24.01 ಟಿಎಂಸಿ ನೀರು ಸಾಗಿಸುತ್ತೇವೆಂದು 2014ರಲ್ಲಿ ಶಂಕುಸ್ಥಾಪನೆ ಮಾಡಿದ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ನೀಡಲಾಯಿತು. ಅದರ ಗುರುತ್ವ ಕಾಲುವೆಯೊಂದೇ 250 ಕಿಲೋಮೀಟರಿಗೂ ಉದ್ದ. ಆ ಯೋಜನೆಗೆ ನಮ್ಮ ವಿರೋಧ ಏಕೆಂಬುದನ್ನು ಈ ಪುಟಗಳಲ್ಲಿ ಹಲವರು ಬರೆದಿದ್ದಾರೆ, ಮತ್ತೆ ಹೇಳುವುದಿಲ್ಲ. ಅದನ್ನು ಬೆಂಬಲಿಸುವವರಿಗೂ ನನ್ನದೊಂದು ಪ್ರಶ್ನೆಯಿದೆ. ಇನ್ನೂರು ವರ್ಷಗಳ ಹಿಂದೆ ದಿವಾಳಿಯ ಅಂಚಿನಲ್ಲಿದ್ದ ಒಂದು ಖಾಸಗಿ ಕಂಪನಿ, ಏಳಡಿ ಅಗಲದ ಲಾಕ್‌ಗಳ ಹದಿಮೂರು ಮೈಲಿಗೆ ಕಾವಲುಮನೆಗಳನ್ನು ಕಟ್ಟಿತು. ಸಾವಿರಾರು ಕೋಟಿಯ ಕಾಲುವೆಯ ದಂಡೆಯಲ್ಲಿ ಯಾರು ಮಲಗುತ್ತಾರೆ? ಅವರ ಹೆಸರೇನು, ಸಂಬಳವೆಷ್ಟು, ಮನೆ ಎಲ್ಲಿ?

ನಮ್ಮ ನಾಲೆಯ ಮಟ್ಟಿಗೆ ನಾವು ಕೇಳುವುದು ಇಷ್ಟು. ತೂಬಿನ ಪಕ್ಕದ ಮನೆಯನ್ನು ಕೆಡವಬಾರದು, ಬಾಡಿಗೆಗೂ ಕೊಡಬಾರದು. ಹಂಚು ಹೊದಿಸಿ, ಶೌಚಾಲಯ, ವಿದ್ಯುತ್ತು ಕೊಟ್ಟು, ವರ್ಷವಿಡೀ ಸಂಬಳ ಪಡೆಯುವ ಒಬ್ಬ ನೀರು ನೌಕರನನ್ನೋ ನೌಕರಳನ್ನೋ ಅಲ್ಲಿ ನೇಮಿಸಬೇಕು. ಅವರು ನೀರಾವರಿಯ ರೈತರ ಸಭೆಗೆ ಲೆಕ್ಕ ಒಪ್ಪಿಸಬೇಕು. ಅಂದಾಜುಪಟ್ಟಿಯಲ್ಲಿ ಕಾಂಕ್ರೀಟಿಗೆ ಬರೆದ ಮೊತ್ತದ ಒಂದು ಸಣ್ಣ ಪಾಲು ಇದಕ್ಕೆ ಸಾಕು.

ಮುಂದಿನ ಸಭೆ ನಾಟಿ ಮುಗಿದ ಮೇಲೆ ನಡೆಯಲಿದೆ. ಅಂದು ಆ ಮುರುಕು ಮನೆಯ ಜಗಲಿಯಲ್ಲಿಯೇ ಸೇರೋಣವೆಂದು ಬಳಗದಲ್ಲಿ ತೀರ್ಮಾನವಾಗಿದೆ. ನಾಲೆಯ ಕೊನೆಯ ಗದ್ದೆಗಳವರು ತಪ್ಪದೆ ಬರಬೇಕು. ಬರುವಾಗ ನೀರಿನ ಕರದ ಹಳೆಯ ರಸೀತಿಗಳನ್ನು ತನ್ನಿ.